ಹುಳುವಿನ ಉಸಿರು, ಹಗೇವಿನ ಗಾಳಿ

ಧಾರಣೆ ಏರಲೆಂದು ಆರು ತಿಂಗಳೋ ವರ್ಷವೋ ಕಾದು, ಕೊನೆಗೆ ಚೀಲ ಬಿಚ್ಚಿದಾಗ ತಳದಲ್ಲಿ ಕುಟ್ಟೆಯ ಹಿಟ್ಟು ಉದುರಿದರೆ ಬೆಳೆಗಾರನಿಗೆ ಆಗುವ ಸಂಕಟವನ್ನು ನಮ್ಮ ಸದಸ್ಯರಿಗೆ ಬಣ್ಣಿಸಿ ಹೇಳಬೇಕಾದ್ದಿಲ್ಲ. ಒಣ ಅಡಿಕೆಗೂ ಕಾಫಿ ಬೀಜಕ್ಕೂ ಬೀಳುವ ಒಂದು ಹುಳು ಇದೆ. ಶಾಸ್ತ್ರಜ್ಞರು ಅದನ್ನು ಅರೇಸೆರಸ್ ಫ್ಯಾಸಿಕ್ಯುಲೇಟಸ್ ಎನ್ನುತ್ತಾರೆ. ನೋಡಲು ನಾಲ್ಕೈದು ಮಿಲಿಮೀಟರಿನ, ಕಂದು ಮಚ್ಚೆಯ ದುಂಬಿ. ಅದರ ವಿಚಾರವಾಗಿ ಸದಸ್ಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: "ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿಟ್ಟೆವು, ಗಾಳಿಯೇ ಇಲ್ಲ, ಆದರೂ ಹುಳು ಬದುಕಿದ್ದು ಹೇಗೆ?" ಇದಕ್ಕೆ ಉತ್ತರ ಹುಳುವಿನ ಮೈಯ ಪಕ್ಕದಲ್ಲಿ, ಸೂಜಿಮೊನೆಯಂಥ ತೂತುಗಳಲ್ಲಿ ಇದೆ. ಈ ಸಂಚಿಕೆಯಲ್ಲಿ ಆ ತೂತುಗಳ ಲೆಕ್ಕವನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಈ ಪಾಠಕ್ಕೆ ನಾವು ಆರಿಸಿಕೊಂಡ ಸ್ಥಳ ಮಲೆನಾಡಲ್ಲ, ರಾಯಚೂರು ಜಿಲ್ಲೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂಬ ಮೂರು ನೆರೆಹೊರೆಯ ತಾಲ್ಲೂಕುಗಳು. ಕಾಫಿಯ ಸೀಮೆಯಲ್ಲ ಅದು; ಜೋಳ, ತೊಗರಿ, ಹತ್ತಿ, ಕಾಲುವೆ ಹರಿದ ಕಡೆ ಭತ್ತ. ಕೊಯ್ಲಿನ ಕಾಲಕ್ಕೆ ನಮ್ಮ ತೋಟಗಳಿಗೆ ಆ ಕಡೆಯಿಂದ ಜನ ಬರುವುದುಂಟು. ಅವರಲ್ಲಿ ವಯಸ್ಸಾದವರೊಬ್ಬರು ಉಗ್ರಾಣದಲ್ಲಿ ಕುಟ್ಟೆ ಹಿಡಿದ ಮೂಟೆಯನ್ನು ನೋಡಿ, "ನಮ್ಮ ಕಡೆ ಹಗೇವಿನಾಗ ಹಾಕಿದ್ರ ಜ್ವಾಳಕ್ಕ ಹುಳ ಹತ್ತತಿದ್ದಿಲ್ಲರಿ" ಎಂದರು. ಆ ಮಾತನ್ನು ಬೆನ್ನು ಹತ್ತಿ ಹೋದರೆ ಹುಳುವಿನ ಉಸಿರಾಟದ ಶಾಸ್ತ್ರವೆಲ್ಲ ಅದರೊಳಗೇ ಅಡಗಿದೆ. ಅದೇ ಸೀಮೆಯಲ್ಲಿರುವ ಹಟ್ಟಿಯ ಚಿನ್ನದ ಗಣಿಯೂ ನಮ್ಮ ಸಹಾಯಕ್ಕೆ ಬರುತ್ತದೆ.

ಮೊದಲು ಹುಳುವಿನ ಮೈ. ನಮಗೆ ಮೂಗು, ಶ್ವಾಸಕೋಶ, ರಕ್ತ ಎಂದು ಮೂರು ಹಂತ. ಶ್ವಾಸಕೋಶಕ್ಕೆ ಬಂದ ಆಮ್ಲಜನಕವನ್ನು ಕೆಂಪು ರಕ್ತ ಹೊತ್ತು ಮೈಗೆಲ್ಲ ಹಂಚುತ್ತದೆ. ಕೀಟಕ್ಕೆ ಈ ಏರ್ಪಾಟಿಲ್ಲ. ಅದರ ಮೈಯ ಎರಡು ಪಕ್ಕದಲ್ಲೂ ಸಾಲಾಗಿ ಶ್ವಾಸರಂಧ್ರಗಳಿವೆ. ರೇಷ್ಮೆ ಹುಳುವನ್ನು ಅಂಗೈಯಲ್ಲಿಟ್ಟು ನೋಡಿ: ಕುತ್ತಿಗೆಯ ಹತ್ತಿರ ಒಂದು ಜೊತೆ, ಹೊಟ್ಟೆಯ ಮೇಲೆ ಎಂಟು ಜೊತೆ, ಒಟ್ಟು ಒಂಬತ್ತು ಜೊತೆ ಕಪ್ಪು ಚುಕ್ಕೆಗಳು ಬರಿಗಣ್ಣಿಗೇ ಕಾಣುತ್ತವೆ. ಒಂದೊಂದು ಚುಕ್ಕೆಯೂ ಒಂದು ಬಾಗಿಲು. ಬಾಗಿಲಿನಿಂದ ಒಳಕ್ಕೆ ಶ್ವಾಸನಾಳಗಳು ಹೊರಟು, ಮರದ ಬೇರಿನಂತೆ ಕವಲೊಡೆದು, ಕೂದಲಿಗಿಂತ ಎಷ್ಟೋ ಸಣ್ಣದಾಗಿ ಒಂದೊಂದು ಸ್ನಾಯುವಿನ ಬುಡಕ್ಕೂ ಹೋಗಿ ಮುಟ್ಟುತ್ತವೆ. ಗಾಳಿ ಗಾಳಿಯಾಗಿಯೇ ಅಲ್ಲಿಯವರೆಗೆ ಹೋಗುತ್ತದೆ. ಆಮ್ಲಜನಕ ಹೊರುವ ಕೆಲಸ ರಕ್ತಕ್ಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಇಟಲಿಯ ಮಾಲ್ಪೀಗಿ 1669ರಲ್ಲಿ ರೇಷ್ಮೆ ಹುಳುವಿನ ಮೇಲೆ ಬರೆದ ಗ್ರಂಥದಲ್ಲಿ ಈ ನಾಳಗಳನ್ನು ವರ್ಣಿಸಿದ. ರಂಧ್ರಗಳಿಗೆ ಎಣ್ಣೆ ಸವರಿದರೆ ಹುಳು ಸಾಯುತ್ತದೆ ಎಂಬುದನ್ನೂ ಅವನು ಕಂಡ. ಶಲ್ಕ ಕೀಟಕ್ಕೆ, ಹಿಟ್ಟು ತಿಗಣೆಗೆ ನಾವು ಸಾಬೂನು ಬೆರೆಸಿದ ಎಣ್ಣೆಯ ದ್ರಾವಣ ಹೊಡೆಯುವುದರ ಹಿಂದೆ ಈ ತತ್ವವೂ ಇದೆ. ಬರೀ ನೀರು ಆ ರಂಧ್ರದೊಳಕ್ಕೆ ಹೋಗುವುದಿಲ್ಲ, ಅಂಚು ನೀರನ್ನು ತಳ್ಳುತ್ತದೆ. ಎಣ್ಣೆ ಹರಡಿ ಮುಚ್ಚುತ್ತದೆ. ಮೈಗೆ ತಗುಲದ ಹನಿಯಿಂದ ಪ್ರಯೋಜನವಿಲ್ಲ. ಎಲೆಯ ಅಡಿ ನೆನೆಯುವಂತೆ ಹೊಡೆಯಿರಿ ಎಂದು ಹೇಳುವುದು ಇದಕ್ಕೇ.

ಈಗ ಲೆಕ್ಕ. ಬಾಗಿಲಿನಿಂದ ಒಳಗಿನ ಸ್ನಾಯುವಿನವರೆಗೆ ಗಾಳಿಯನ್ನು ತಳ್ಳುವವರು ಯಾರು? ಬಹುಪಾಲು, ಯಾರೂ ಅಲ್ಲ. ಊದಿನಕಡ್ಡಿಯ ವಾಸನೆ ಗಾಳಿ ಅಲುಗದ ಕೋಣೆಯಲ್ಲೂ ಹರಡುವಂತೆ, ಆಮ್ಲಜನಕದ ಕಣಗಳು ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾವಾಗಿಯೇ ಹರಡುತ್ತವೆ. ಇದಕ್ಕೆ ವಿಸರಣೆ ಎಂದು ಹೆಸರು. ಜರ್ಮನಿಯ ಅಡಾಲ್ಫ್ ಫಿಕ್ 1855ರಲ್ಲಿ ಇದರ ಸೂತ್ರ ಕೊಟ್ಟ. ವಿಸರಣೆಯ ಒಂದು ಗುಣವನ್ನು ಮಾತ್ರ ನೆನಪಿಡಬೇಕು: ದೂರ ಹತ್ತು ಪಟ್ಟಾದರೆ ಹಿಡಿಯುವ ಕಾಲ ನೂರು ಪಟ್ಟು. ಗಾಳಿಯಲ್ಲಿ ಆಮ್ಲಜನಕ ಒಂದು ಮಿಲಿಮೀಟರ್ ಹರಡಲು ಸೆಕೆಂಡಿನ ನಲವತ್ತನೆ ಒಂದು ಭಾಗ ಸಾಕು. ಒಂದು ಸೆಂಟಿಮೀಟರಿಗೆ ಎರಡೂವರೆ ಸೆಕೆಂಡು. ಒಂದು ಮೀಟರಿಗೆ ಸುಮಾರು ಏಳು ಗಂಟೆ.

ಹಟ್ಟಿಯ ಗಣಿಯನ್ನು ಈ ಲೆಕ್ಕಕ್ಕೆ ಹಿಡಿಯಿರಿ. ಲಿಂಗಸುಗೂರು ತಾಲ್ಲೂಕಿನ ಆ ಗಣಿಯ ಬಾವಿ ಅರ್ಧ ಕಿಲೋಮೀಟರಿಗೂ ಹೆಚ್ಚು ಆಳ. ಬರೀ ವಿಸರಣೆಯನ್ನು ನಂಬಿ ಕುಳಿತರೆ ಮೇಲಿನ ಆಮ್ಲಜನಕ 500 ಮೀಟರ್ ಕೆಳಗಿಳಿಯಲು ಸುಮಾರು ಇನ್ನೂರು ವರ್ಷ ಬೇಕು! ಆದ್ದರಿಂದ ಗಣಿಯಲ್ಲಿ ದೊಡ್ಡ ಫ್ಯಾನುಗಳು ತಿರುಗುತ್ತವೆ, ಒಂದು ಬಾವಿಯಿಂದ ಗಾಳಿ ಇಳಿದು ಇನ್ನೊಂದರಿಂದ ಹೊರಡುತ್ತದೆ. (ಪ್ರಾಸಂಗಿಕವಾಗಿ ಒಂದು ಮಾತು: ಅಶೋಕನ ಹೆಸರನ್ನೇ ಹೊತ್ತ ಮಸ್ಕಿಯ ಬಂಡೆಶಾಸನವನ್ನು 1915ರಲ್ಲಿ ಕಂಡವನು ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು. ಚಿನ್ನ ಹುಡುಕುವವನಿಗೆ ಚಕ್ರವರ್ತಿ ಸಿಕ್ಕಿದ.) ಹುಳುವಿನ ಮೈಯೂ ಸುರಂಗಗಳ ಗಣಿಯೇ, ಆದರೆ ಸುರಂಗದ ಉದ್ದ ಮಿಲಿಮೀಟರುಗಳಲ್ಲಿ. ಆ ಅಳತೆಯಲ್ಲಿ ಫ್ಯಾನು ಬೇಕಿಲ್ಲ. ಕೀಟಗಳು ಆನೆಯಷ್ಟು ಬೆಳೆಯದಿರುವುದಕ್ಕೆ ಹೇಳುವ ಕಾರಣಗಳಲ್ಲಿ ಇದೂ ಒಂದು.

ಬಾಯಿಮಾತಿನಲ್ಲಿ ಹೇಳುವುದು ಬೇರೆ, ಅಂಕಿಯಲ್ಲಿ ತೋರಿಸುವುದು ಬೇರೆ. ಅದನ್ನು 1920ರಲ್ಲಿ ತೋರಿಸಿದವನು ಡೆನ್ಮಾರ್ಕಿನ ಆಗಸ್ಟ್ ಕ್ರೋಗ್. ಅದೇ ವರ್ಷ ಬೇರೊಂದು ಸಂಶೋಧನೆಗಾಗಿ ಅವನಿಗೆ ನೊಬೆಲ್ ಬಹುಮಾನವೂ ಬಂತು. ಅವನು ಆರಿಸಿಕೊಂಡದ್ದು ಮರ ಕೊರೆಯುವ ಕಾಸಸ್ ಎಂಬ ಹುಳುವನ್ನು. ನಮ್ಮ ಕಾಫಿಯ ಕೆಂಪು ಕೊರಕವೂ ಅದೇ ಕುಟುಂಬದ್ದು. ಕ್ರೋಗ್ ಹುಳುವಿನ ನಾಳಗಳ ಉದ್ದ, ಅಗಲ ಅಳೆದು, ಅದು ಬಳಸುವ ಆಮ್ಲಜನಕವನ್ನೂ ಅಳೆದು, ವಿಸರಣೆಯೊಂದೇ ಸಾಕೆಂದು ಲೆಕ್ಕದಿಂದ ಸಿದ್ಧಪಡಿಸಿದ.

ನಾವೂ ಸುಲಭದ ಅಂಕಿಗಳಲ್ಲಿ ಅದನ್ನು ಮಾಡಿ ನೋಡೋಣ. ಮೂರು ಗ್ರಾಂ ತೂಕದ ಕೊರಕ. ನಾಳಗಳ ಸರಾಸರಿ ಉದ್ದ 0.6 ಸೆಂ.ಮೀ., ಎಲ್ಲ ನಾಳಗಳ ಅಡ್ಡಕೊಯ್ತದ ಮೊತ್ತ 0.06 ಚದರ ಸೆಂ.ಮೀ., ಗಂಟೆಗೆ ಬೇಕಾದ ಆಮ್ಲಜನಕ 1 ಘನ ಸೆಂ.ಮೀ. ಗಾಳಿಯಲ್ಲಿ ಆಮ್ಲಜನಕದ ವಿಸರಣಾಂಕ 0.2. ಅಗಲವನ್ನು ಉದ್ದದಿಂದ ಭಾಗಿಸಿ ವಿಸರಣಾಂಕದಿಂದ ಗುಣಿಸಿದರೆ 0.02; ಒಂದು ತುದಿಯಲ್ಲಿ ಶುದ್ಧ ಆಮ್ಲಜನಕ, ಇನ್ನೊಂದು ತುದಿಯಲ್ಲಿ ಏನೂ ಇಲ್ಲವೆಂದಾದರೆ ಸೆಕೆಂಡಿಗೆ ಇಷ್ಟು ಘನ ಸೆಂ.ಮೀ. ಹರಿಯುತ್ತದೆ. ಗಂಟೆಗೆ 72. ಬೇಕಾದದ್ದು 1. ಅಂದರೆ ಹೊರಗೂ ಒಳಗೂ ಶೇಕಡಾ 1.4ರಷ್ಟು ವ್ಯತ್ಯಾಸವಿದ್ದರೆ ಸಾಕು. ಹೊರಗಿನ ಗಾಳಿಯಲ್ಲಿ ಇರುವುದು ಶೇಕಡಾ 21! ಹುಳುವಿನ ಕೈಯಲ್ಲಿ ಎಷ್ಟು ದೊಡ್ಡ ಮೀಸಲು ನಿಧಿ ಇದೆ ನೋಡಿ. ಹೊರಗಿನ ಗಾಳಿ ಅರ್ಧಕ್ಕೆ ಇಳಿದರೂ ಅದಕ್ಕೆ ಚಿಂತೆಯಿಲ್ಲ. ಹಾರುವಾಗ, ಕುಪ್ಪಳಿಸುವಾಗ ಮಾತ್ರ ಖರ್ಚು ಹತ್ತಾರು ಪಟ್ಟು ಏರುತ್ತದೆ; ಮಿಡತೆ ಹೊಟ್ಟೆ ಅಮುಕಿ ಗಾಳಿ ತಿದಿಯೊತ್ತುವುದು ಅದಕ್ಕೆ. ನಡೆದಾಡುವ ದುಂಬಿಗಳೂ ನಾಳಗಳನ್ನು ಹಿಂಡಿ ಬಿಡುವುದು 2003ರಲ್ಲಿ ಕ್ಷ-ಕಿರಣದ ಚಿತ್ರಗಳಿಂದ ತಿಳಿದುಬಂತು. ಹೀಗಾಗಿ ಕ್ರೋಗ್‌ನ ಲೆಕ್ಕ ಪೂರ್ತಿ ಕಥೆಯಲ್ಲ. ಆದರೆ ಉಗ್ರಾಣದ ಮೂಟೆಯಲ್ಲಿ, ಕಾಂಡದ ಸುರಂಗದಲ್ಲಿ ಸುಮ್ಮನೆ ಕುಳಿತ ಹುಳುವಿಗೆ ಅದು ಸಾಕಷ್ಟು ಸರಿ.

ಇಷ್ಟೇ ಆಗಿದ್ದರೆ ಹುಳುವನ್ನು ಕೊಲ್ಲುವುದು ಕಷ್ಟವಿರಲಿಲ್ಲ, ಗಾಳಿಯಲ್ಲಿ ವಿಷ ಬೆರೆಸಿದರೆ ಬಾಗಿಲಿನಿಂದ ಒಳಗೆ ಹೋಗಿಬಿಡುತ್ತಿತ್ತು. ಆದರೆ ಶ್ವಾಸರಂಧ್ರಕ್ಕೆ ಕದ ಉಂಟು, ಕದ ಎಳೆಯುವ ಸ್ನಾಯುವೂ ಉಂಟು. ಅಮೆರಿಕದ ಹೋವರ್ಡ್ ಶ್ನೈಡರ್ಮನ್ ಮತ್ತು ಸಂಗಡಿಗರು 1950ರ ದಶಕದಿಂದ ಸೆಕ್ರೋಪಿಯಾ ಎಂಬ ದೊಡ್ಡ ರೇಷ್ಮೆ ಪತಂಗದ ಕೋಶಗಳನ್ನು ಕಾದು ಕುಳಿತು ನೋಡಿದರು. ಗಾಢನಿದ್ರೆಯ ಕೋಶ ಗಂಟೆಗಟ್ಟಲೆ ಇಂಗಾಲದ ಡೈಆಕ್ಸೈಡನ್ನು (ಹಳೆಯ ಪಠ್ಯಗಳಲ್ಲಿ ಇಂಗಾಲಾಮ್ಲ, ಇಲ್ಲಿಯೂ ಹಾಗೆಯೇ ಕರೆಯೋಣ) ಹೊರಬಿಡುವುದೇ ಇಲ್ಲ, ಆಮೇಲೆ ಒಮ್ಮೆಲೇ ದೊಡ್ಡ ನಿಟ್ಟುಸಿರಿನಂತೆ ಬಿಟ್ಟುಬಿಡುತ್ತದೆ. ಮೂರು ಹಂತಗಳು: ಕದ ಪೂರ್ತಿ ಮುಚ್ಚಿದ ಹಂತ, ಕದ ಪಟಪಟನೆ ಅದುರುವ ಹಂತ, ಕದ ಹಾರುಹೊಡೆದ ಹಂತ.

ಇದನ್ನು ಗಣಿತದ ಮಾದರಿಯಾಗಿ ಬರೆಯುವುದು ಸಂಘದ ರೋಕಡ ಪುಸ್ತಕ ಬರೆದಂತೆಯೇ. ಆರಂಭದ ಶಿಲ್ಕು, ಜಮಾ, ಖರ್ಚು, ಆಖೈರು ಶಿಲ್ಕು. ಎರಡು ಖಾತೆ ತೆರೆಯಿರಿ. ಒಂದು ನಾಳದಲ್ಲಿರುವ ಆಮ್ಲಜನಕದ್ದು: ಬಾಗಿಲಿನಿಂದ ಬಂದದ್ದು ಜಮಾ, ಮೈ ಬಳಸಿದ್ದು ಖರ್ಚು. ಇನ್ನೊಂದು ಇಂಗಾಲಾಮ್ಲದ್ದು: ಮೈ ಹುಟ್ಟಿಸಿದ್ದು ಜಮಾ, ಬಾಗಿಲಿನಿಂದ ಹೋದದ್ದು ಖರ್ಚು. ಮೇಲೆ ಎರಡು ನಿಯಮ ಹಾಕಿ. ಆಮ್ಲಜನಕದ ಶಿಲ್ಕು ಶೇಕಡಾ 4-5ಕ್ಕೆ ಇಳಿದರೆ ಕದ ಅದುರಲಿ; ಇಂಗಾಲಾಮ್ಲದ ಶಿಲ್ಕು ಶೇಕಡಾ 6ರ ಹತ್ತಿರ ಏರಿದರೆ ಕದ ಪೂರ್ತಿ ತೆರೆಯಲಿ. ನಿಮಿಷ ನಿಮಿಷಕ್ಕೆ ಶಿಲ್ಕು ಎಳೆಯುತ್ತ ಹೋದರೆ ಮೂರು ಹಂತಗಳೂ ತಾವಾಗಿಯೇ ಮೂಡಿಬರುತ್ತವೆ. ಗ್ರೀಶಾಬರ್ ಮತ್ತು ಟೆರ್ಬ್ಲಾಂಚ್ ಎಂಬವರು 2015ರಲ್ಲಿ ಪ್ರಕಟಿಸಿದ ಕಂಪ್ಯೂಟರ್ ಮಾದರಿಯ ತಿರುಳೂ ಎರಡು ಸಂವೇದಕ, ಒಂದು ಕದ ಎಂಬುದೇ.

ಖಾತೆಯಲ್ಲಿ ಒಂದು ಸೂಕ್ಷ್ಮವಿದೆ. ಹುಟ್ಟಿದ ಇಂಗಾಲಾಮ್ಲ ಹೆಚ್ಚಾಗಿ ರಕ್ತದಲ್ಲಿ ಕರಗಿ ಕೂರುತ್ತದೆ, ನಾಳದ ಗಾಳಿಗೆ ಬರುವುದು ಸ್ವಲ್ಪ. ಆಮ್ಲಜನಕ ಮಾತ್ರ ನಾಳದಿಂದ ಖರ್ಚಾಗುತ್ತಲೇ ಇರುತ್ತದೆ. ಹೀಗಾಗಿ ಮುಚ್ಚಿದ ಕದದ ಹಿಂದೆ ಒತ್ತಡ ಇಳಿಯುತ್ತದೆ. ಕದ ಕೂದಲೆಳೆಯಷ್ಟು ಸರಿದರೂ ಹೊರಗಿನ ಗಾಳಿ ಒಳಕ್ಕೆ ಸೇದಿಕೊಳ್ಳುತ್ತದೆ. ಒಳಗಿನ ನೀರಾವಿ ಅದಕ್ಕೆ ಎದುರಾಗಿ ಹೊರಡುವುದು ಕಷ್ಟ.

ಈ ಏರ್ಪಾಟು ಏತಕ್ಕೆ ಎಂಬ ವಿಚಾರದಲ್ಲಿ ಪಂಡಿತರಲ್ಲಿ ಒಮ್ಮತವಿಲ್ಲ. ನೀರು ಉಳಿಸಲು ಎಂಬುದು ಹಳೆಯ ವಾದ. ಆಮ್ಲಜನಕ ಹೆಚ್ಚಾದರೂ ಮೈಗೆ ಹಾನಿ, ಅದರಿಂದ ಕಾಯಲು ಎಂದು ಹೆಟ್ಸ್ ಮತ್ತು ಬ್ರಾಡ್ಲಿ 2005ರಲ್ಲಿ ವಾದಿಸಿದರು. ನೆಲದೊಳಗಿನ ಕೆಟ್ಟ ಗಾಳಿಯಲ್ಲಿ ಬಾಳುವ ಕೀಟಗಳಿಗೆ ಹುಟ್ಟಿದ ಅಭ್ಯಾಸ ಎಂಬುದು ಮೂರನೆಯದು. ಎಲ್ಲ ಕೀಟಗಳೂ ಹೀಗೆ ಮಾಡುವುದಿಲ್ಲ, ಮಾಡುವವೂ ವಿಶ್ರಾಂತಿಯಲ್ಲಿದ್ದಾಗ ಮಾತ್ರ. ಬೆಳೆಗಾರರಾದ ನಮಗೆ ಬೇಕಾದದ್ದು ಇಷ್ಟು: ಕದ ಮುಚ್ಚಿ ಕಾಯುವುದು ಹುಳುವಿಗೆ ಬರುತ್ತದೆ. ಆದರೆ ಇಂಗಾಲಾಮ್ಲ ಏರಿದರೆ ಕದ ತೆರೆಯಲೇಬೇಕು, ಅದು ಅದರ ಇಚ್ಛೆಗೆ ಬಿಟ್ಟದ್ದಲ್ಲ. ಹೊರಗಿನ ಗಾಳಿಯಲ್ಲೇ ಇಂಗಾಲಾಮ್ಲ ಶೇಕಡಾ 5ಕ್ಕೆ ಮೇಲಾದರೆ ಬಹಳಷ್ಟು ಕೀಟಗಳ ಕದ ತೆರೆದೇ ನಿಂತುಬಿಡುತ್ತದೆ. ಆಗ ಮೈಯ ನೀರು ಆರತೊಡಗುತ್ತದೆ. ಸುತ್ತಲಿನ ಕಾಳು ಒಣಗಿದ್ದಷ್ಟೂ ಬೇಗ ಆರುತ್ತದೆ.

ಈಗ ಹಗೇವಿಗೆ ಬರೋಣ. ಗಟ್ಟಿ ನೆಲ ನೋಡಿ ಆಳುದ್ದವೋ ಅದಕ್ಕೂ ಹೆಚ್ಚೋ ತೋಡುತ್ತಿದ್ದರು. ಬಾಯಿ ಒಬ್ಬ ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ಅಗಲ. ತಳಕ್ಕೂ ಗೋಡೆಗೂ ಒಣ ಹುಲ್ಲು, ಜೋಳದ ಕಣಿಕೆ, ಹೊಟ್ಟು ಕೊಟ್ಟು, ನಡುವೆ ಜೋಳ ಸುರಿದು, ಬಾಯಿಮಟ್ಟ ತುಂಬಿ, ಮೇಲೆ ಹೊಟ್ಟು, ಹೊಟ್ಟಿನ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಮಣ್ಣು. ಒಳಗೆ ಕಾಳು ಉಸಿರಾಡುತ್ತದೆ, ಅಂಚಿನ ತೇವದ ಬೂಷ್ಟು ಉಸಿರಾಡುತ್ತದೆ, ಹುಳುವೂ ಉಸಿರಾಡುತ್ತದೆ. ಆಮ್ಲಜನಕ ಇಳಿಯುತ್ತದೆ, ಇಂಗಾಲಾಮ್ಲ ಏರುತ್ತದೆ. ಆಮ್ಲಜನಕ ಶೇಕಡಾ 2-3ಕ್ಕೆ ಬಂದಾಗ ಹುಳು ತಿನ್ನುವುದನ್ನೂ ಮರಿಮಾಡುವುದನ್ನೂ ನಿಲ್ಲಿಸುತ್ತದೆ. ಇಂಗಾಲಾಮ್ಲ ಕದವನ್ನು ತೆರೆದೇ ಹಿಡಿದಿರುತ್ತದೆ. ವಾರಗಳು ಕಳೆದಂತೆ ಹುಳು ಒಣಗಿ ಸಾಯುತ್ತದೆ. ಇಲ್ಲಿ ಮದ್ದಿಲ್ಲ, ಮಂತ್ರವಿಲ್ಲ. ಬಾಯಿಮಟ್ಟ ತುಂಬುತ್ತಿದ್ದುದರಲ್ಲೂ ಅರ್ಥವಿದೆ: ಖಾಲಿ ಜಾಗವೆಂದರೆ ಹುಳುವಿಗೆ ಕೊಟ್ಟ ಮುಂಗಡ ಹಣ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು, ಎಡದಂಡೆ ಕಾಲುವೆಯ ನೀರು ಬಂದು ಸಿಂಧನೂರು ಭತ್ತದ ಸೀಮೆಯಾಯಿತು. ತೇವ ಏರುವ ನೆಲದಲ್ಲಿ ಹಗೇವು ನಿಲ್ಲದು, ಭತ್ತವನ್ನು ಹಗೇವಿಗೆ ಹಾಕುವ ರೂಢಿಯೂ ಇಲ್ಲ. ಈಗ ಅಲ್ಲಿ ಗಿರಣಿ, ಉಗ್ರಾಣ. ಹಗೇವು ಹಳಬರ ಮಾತಿನಲ್ಲಿ ಉಳಿದಿದೆ.

ಹುಳು ಕೊಲ್ಲುವ ಆ ಗಾಳಿ ಮನುಷ್ಯರನ್ನೂ ಕೊಂದಿದೆ. ಹಗೇವು ತೆರೆದು ಇಳಿದವನು ಮೇಲೆ ಬರಲಿಲ್ಲ, ಅವನನ್ನು ಎತ್ತಲು ಇಳಿದವನೂ ಬರಲಿಲ್ಲ ಎಂಬುದು ಆ ಕಡೆ ಕೇಳದ ಸಂಗತಿಯಲ್ಲ. ಇಂಗಾಲಾಮ್ಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಶೇಕಡಾ 10 ಇದ್ದರೆ ಮನುಷ್ಯ ಕೆಲವು ನಿಮಿಷಗಳಲ್ಲಿ ಎಚ್ಚರ ತಪ್ಪುತ್ತಾನೆ. ಬಾಯಿ ತೆರೆದು ಒಂದು ರಾತ್ರಿ ಬಿಟ್ಟರೆ ಆಯಿತು ಎನ್ನುವವರು ಮೇಲಿನ ಲೆಕ್ಕವನ್ನು ನೆನೆಯಲಿ: ಮೂರು ಮೀಟರ್ ಆಳಕ್ಕೆ ವಿಸರಣೆಯಿಂದ ಮಾತ್ರ ಗಾಳಿ ಇಳಿಯಲು ಎರಡೂವರೆ ದಿನ, ಬಾಯಿ ಕಿರಿದಾಗಿದ್ದರೆ ಇನ್ನೂ ಹೆಚ್ಚು. ಗಾಳಿ ಊದಿ ಒಳಗಿನದನ್ನು ಹೊರಗೆಬ್ಬಿಸದೆ ಇಳಿಯಕೂಡದು. ಆಮ್ಲಜನಕ ಶೇಕಡಾ 16ರ ಸುಮಾರಿಗೆ ಇಳಿದಾಗ ದೀಪ ಆರುತ್ತದೆ. ದೀಪ ಆರಿದರೆ ಇಳಿಯಬೇಡಿ ಎಂಬುದು ಸರಿಯೇ, ಆದರೆ ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಕ್ಷೇಮವಲ್ಲ. ನಮ್ಮಲ್ಲಿ ಹಗೇವು ಇಲ್ಲದಿರಬಹುದು. ಕಾಫಿ ಪಲ್ಪಿಂಗ್‌ನ ತ್ಯಾಜ್ಯದ ಗುಂಡಿ, ಗೋಬರ್ ಅನಿಲದ ತೊಟ್ಟಿ, ಹಾಳುಬಾವಿ ಇವೆಯಲ್ಲ! ಅವುಗಳಲ್ಲಿ ಇನ್ನೂ ಕೆಟ್ಟ ಅನಿಲಗಳೂ ಸೇರಿರುತ್ತವೆ. ಒಳಗೆ ಹುಳು ಹರಿದಾಡುತ್ತಿರುವುದನ್ನು ನೋಡಿ ಧೈರ್ಯ ತಾಳುವುದಂತೂ ಶುದ್ಧ ಹುಂಬತನ. ಆಮ್ಲಜನಕವೇ ಇಲ್ಲದೆ ಗಂಟೆಗಟ್ಟಲೆ ಸತ್ತಂತೆ ಬಿದ್ದಿದ್ದು ಮತ್ತೆ ಗಾಳಿ ಸಿಕ್ಕಾಗ ಎದ್ದು ನಡೆಯುವ ಕೀಟಗಳಿವೆ. ನಮಗೆ ಕೆಲವೇ ನಿಮಿಷ.

ಇನ್ನು ಸದಸ್ಯರ ಮೂಲ ಪ್ರಶ್ನೆ. ಪ್ಲಾಸ್ಟಿಕ್ ಚೀಲದ ಹುಳು ಏಕೆ ಸಾಯಲಿಲ್ಲ? ಐವತ್ತು ಕಿಲೋ ಕಾಫಿಯ ಚೀಲದಲ್ಲಿ ಬೀಜಗಳ ಸಂದಿನ ಗಾಳಿ 30 ಲೀಟರ್ ಎಂದಿಟ್ಟುಕೊಳ್ಳೋಣ. ಅದರಲ್ಲಿ ಆಮ್ಲಜನಕ ಸುಮಾರು 6,000 ಘನ ಸೆಂ.ಮೀ. ಒಂದು ಹುಳು ದಿನಕ್ಕೆ ಹತ್ತನೆ ಒಂದು ಘನ ಸೆಂ.ಮೀ. ಬಳಸುತ್ತದೆ ಎನ್ನೋಣ. ಚೀಲದಲ್ಲಿ ನೂರು ಹುಳು ಇದ್ದರೆ ದಿನದ ಖರ್ಚು 10; ಗಾಳಿ ತೀರಲು 600 ದಿನ. ಮೂರು ಸಾವಿರ ಇದ್ದರೆ 20 ದಿನ. ಚೆನ್ನಾಗಿ ಒಣಗಿದ ಬೀಜ ತಾನು ಉಸಿರಾಡುವುದು ಅತ್ಯಲ್ಪ, ಅದರಿಂದ ಸಹಾಯವಿಲ್ಲ. ಅಂದರೆ ಹುಳು ಕಡಿಮೆ ಇರುವ ಚೀಲವೇ ಬೇಗ ಉಸಿರುಗಟ್ಟುವುದಿಲ್ಲ! ಹುಳು ಹೆಚ್ಚಿದಂತೆ ಗಾಳಿ ಇಳಿದು ಅವುಗಳ ಸಂತಾನಕ್ಕೆ ತಾನೇ ಕಡಿವಾಣ ಬೀಳುತ್ತದೆ ನಿಜ. ಆದರೆ ಅದಕ್ಕೆ ಚೀಲ ನಿಜವಾಗಿ ಬಿಗಿಯಾಗಿರಬೇಕು.

ಎಷ್ಟು ಬಿಗಿ? ಇಲ್ಲಿ ಶ್ವಾಸರಂಧ್ರದ ಲೆಕ್ಕವೇ ಮತ್ತೆ ಬರುತ್ತದೆ, ಏಕೆಂದರೆ ಚೀಲದ ತೂತು ಚೀಲದ ಶ್ವಾಸರಂಧ್ರ. ತೆಳು ಹಾಳೆಯ ಸಣ್ಣ ತೂತಿನ ಮೂಲಕ ಹರಿಯುವ ಅನಿಲ ತೂತಿನ ವಿಸ್ತಾರಕ್ಕಲ್ಲ, ವ್ಯಾಸಕ್ಕೆ ಅನುಗುಣವಾಗಿರುತ್ತದೆ. ಎಲೆಯ ಪತ್ರರಂಧ್ರಗಳನ್ನು ತಿಳಿಯಲು ಹೊರಟ ಬ್ರೌನ್ ಮತ್ತು ಎಸ್ಕಂಬ್ 1900ರಲ್ಲಿ ಇದನ್ನು ತೋರಿಸಿದರು. ಆದ್ದರಿಂದಲೇ ಪುಟ್ಟ ತೂತು ನಾವು ಎಣಿಸುವುದಕ್ಕಿಂತ ಎಷ್ಟೋ ಹೆಚ್ಚು ಗಾಳಿ ಬಿಡುತ್ತದೆ. ಒಂದು ಮಿಲಿಮೀಟರ್ ಅಗಲದ ತೂತನ್ನು ತೆಗೆದುಕೊಳ್ಳಿ. ವ್ಯಾಸ 0.1 ಸೆಂ.ಮೀ., ವಿಸರಣಾಂಕ 0.2, ಒಳಗೂ ಹೊರಗೂ ವ್ಯತ್ಯಾಸ ಶೇಕಡಾ 20. ಮೂರನ್ನೂ ಗುಣಿಸಿದರೆ ಸೆಕೆಂಡಿಗೆ 0.004, ದಿನಕ್ಕೆ ಸುಮಾರು 350 ಘನ ಸೆಂ.ಮೀ. ಮೂರೂವರೆ ಸಾವಿರ ಹುಳುಗಳ ದಿನದ ಸಂಬಳ! ಬೀಜಗಳು ಅಡ್ಡ ನಿಂತು ಇದರಲ್ಲಿ ಅರ್ಧ ತಡೆದರೂ ಉಳಿದ ಅರ್ಧ ಸಾಕು. ಕೊಕ್ಕೆ ಹಾಕಿ ಎತ್ತಿದ ಚೀಲ, ಇಲಿ ಮುಟ್ಟಿದ ಚೀಲ, ಸುತಳಿಯಿಂದ ಸಡಿಲ ಕಟ್ಟಿದ ಬಾಯಿ, ಇವೆಲ್ಲ ಹುಳುವಿನ ಪಾಲಿಗೆ ತೆರೆದ ಮನೆಯೇ. ಸಾಧಾರಣ ಪಾಲಿಥೀನ್ ಹಾಳೆಯಂತೂ ತೂತಿಲ್ಲದೆಯೂ ಆಮ್ಲಜನಕವನ್ನು ನಿಧಾನವಾಗಿ ಒಳಕ್ಕೆ ಬಿಡುತ್ತದೆ. ಅನಿಲ ತೂರದ ಬಹುಪದರದ ಒಳಚೀಲಗಳು ಈಗ ಸಿಗುತ್ತವೆ, ಅವು ಬೇರೆ ಜಾತಿ. ಅವುಗಳ ಬಾಯಿಯನ್ನು ತಿರುಚಿ, ಮಡಚಿ, ಮತ್ತೆ ಕಟ್ಟಬೇಕು. ಗಾಳಿ ಹಿಂಡಿ ಹೊರಗೆ ಹಾಕಿಯೇ ಕಟ್ಟಬೇಕು. ನಡುನಡುವೆ ಬಿಚ್ಚಿ ನೋಡುವ ಚಪಲ ಕೂಡದು. ಒಂದು ಸಲ ಬಿಚ್ಚಿದರೆ ಖಾತೆ ಮತ್ತೆ ಮೊದಲಿನ ಶಿಲ್ಕಿಗೆ ಬರುತ್ತದೆ. ಕಾಫಿ ಶೇಕಡಾ 10-11ರ ತೇವಕ್ಕೆ ಬಂದಿರಬೇಕು, ಅಡಿಕೆ ಕಟಕಟನೆ ಒಣಗಿರಬೇಕು. ಹಸಿ ಸರಕನ್ನು ಬಿಗಿಯಾಗಿ ಕಟ್ಟಿದರೆ ಹುಳುವಿನ ಬದಲು ಬೂಷ್ಟು.

ದೊಡ್ಡ ಉಗ್ರಾಣಗಳಲ್ಲಿ ಇಂಗಾಲಾಮ್ಲವನ್ನೇ ತುಂಬಿ ಹುಳು ಕೊಲ್ಲುವ ಪದ್ಧತಿಯೂ ಇದೆ. ಶೇಕಡಾ 60ರ ಮಟ್ಟವನ್ನು ಹನ್ನೊಂದು ದಿನದ ಮೇಲೆ ನಿಲ್ಲಿಸಬೇಕಾಗುತ್ತದೆ. ಹನ್ನೊಂದು ಗಂಟೆಯಲ್ಲ, ಹನ್ನೊಂದು ದಿನ. ಗಾಳಿಯಿಂದ ಹುಳುವನ್ನು ಕೊಲ್ಲಹೊರಟವರೆಲ್ಲ ದಿನಗಳ ಲೆಕ್ಕದಲ್ಲೇ ಯೋಚಿಸಬೇಕು. ಸಿಂಧನೂರಿನಂಥ ಅಕ್ಕಿಯ ಪೇಟೆಗಳಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯ ಧೂಮಕ್ಕೂ ಇದೇ ಮಾತು. ಅದರಿಂದ ಹೊರಡುವ ಫಾಸ್ಫೀನ್ ಅನಿಲ ಶ್ವಾಸರಂಧ್ರದಿಂದಲೇ ಒಳಗೆ ಹೋಗಬೇಕು. ಮೊಟ್ಟೆ ಮತ್ತು ಕೋಶದ ಉಸಿರು ತೀರ ಮಂದ, ಅವು ಅನಿಲ ಸೇದುವುದೂ ಮಂದ. ಎರಡು ದಿನಕ್ಕೆ ಟಾರ್ಪಾಲು ತೆಗೆದರೆ ಕಣ್ಣಿಗೆ ಕಾಣುವ ದುಂಬಿಗಳು ಸತ್ತಿರುತ್ತವೆ, ಬೀಜದೊಳಗಿನವು ಮುಂದಿನ ತಿಂಗಳು ಹೊರಬರುತ್ತವೆ. ಹೀಗೆ ಅರ್ಧಂಬರ್ಧ ಧೂಮ ಕೊಟ್ಟೂ ಕೊಟ್ಟೂ ಈ ಅನಿಲಕ್ಕೆ ಬಗ್ಗದ ಧಾನ್ಯದ ಹುಳುಗಳು ನಮ್ಮ ದೇಶದಲ್ಲೂ ಹುಟ್ಟಿಕೊಂಡಿವೆ. ಇನ್ನೊಂದು ವಿಚಿತ್ರ: ಆಮ್ಲಜನಕ ಇಲ್ಲದೆಡೆ ಫಾಸ್ಫೀನ್ ಹುಳುವಿನ ಮೇಲೆ ಬಹುಮಟ್ಟಿಗೆ ಕೆಲಸ ಮಾಡುವುದಿಲ್ಲ. ಆದ್ದರಿಂದ ಬಿಗಿಚೀಲದೊಳಗೆ ಮಾತ್ರೆಯನ್ನೂ ಹಾಕಿ ಎರಡು ಲಾಭ ಪಡೆಯುವ ಜಾಣತನ ಬೇಡ. ಆ ಮಾತ್ರೆ ಮನೆಯಲ್ಲಿ ಇಟ್ಟುಕೊಳ್ಳುವ ವಸ್ತುವೂ ಅಲ್ಲ. ಅದರ ಮಾರಾಟಕ್ಕೂ ಬಳಕೆಗೂ ಕಾನೂನಿನ ನಿರ್ಬಂಧವಿದೆ, ಪರವಾನಗಿ ಪಡೆದ ಧೂಮೀಕರಣದವರ ಕೈಯಿಂದಲೇ ಮಾಡಿಸಬೇಕು. ಮಲಗುವ ಕೋಣೆಯ ಪಕ್ಕದ ಅಟ್ಟದಲ್ಲಿ ಅಡಿಕೆಗೆ ಮಾತ್ರೆ ಇಡುವ ಯೋಚನೆಯನ್ನು ಯಾರೂ ಮಾಡದಿರಲಿ.

ಕೊನೆಗೆ ತೋಟದ ಒಂದು ಕೆಲಸ. ಕೊರಕದ ತೂತಿಗೆ ಬರೀ ಮಣ್ಣು ಮೆತ್ತಿ ಹುಳು ಉಸಿರುಗಟ್ಟಿ ಸತ್ತಿತೆಂದು ತೃಪ್ತಿಪಡುವವರು ನಮ್ಮಲ್ಲಿ ಇದ್ದಾರೆ. ಮೇಲಿನ ಲೆಕ್ಕ ನೋಡಿದವರಿಗೆ ಆ ನಂಬಿಕೆ ಉಳಿಯಲಾರದು. ಮರದ ಸಂದುಗಳಲ್ಲಿ ಗಾಳಿ ಇದೆ, ಹುಳುವಿಗೆ ಬೇಕಾದದ್ದು ಅತ್ಯಲ್ಪ, ಹಿಕ್ಕೆ ತುಂಬಿದ ಸುರಂಗದ ಕೆಟ್ಟ ಗಾಳಿ ಅದಕ್ಕೆ ಹುಟ್ಟಿನಿಂದ ಅಭ್ಯಾಸ. ಮಣ್ಣು ಮೆತ್ತುವುದು ಒಳಗಿಟ್ಟ ಔಷಧದ ಆವಿ ಹೊರಹೋಗದಂತೆ ತಡೆಯಲು ಮಾತ್ರ. ಬಿಳಿ ಕಾಂಡಕೊರಕ ಹಿಡಿದ ಅರೇಬಿಕಾ ಗಿಡಗಳನ್ನು ಕಿತ್ತು ಸುಡಬೇಕು. ಸೌದೆಗೆ ಇಟ್ಟುಕೊಳ್ಳುವುದಾದರೆ ಏಳರಿಂದ ಹತ್ತು ದಿನ ನೀರಿನಲ್ಲಿ ಮುಳುಗಿಸಿಡಬೇಕೆಂಬ ಶಿಫಾರಸು ಇರುವುದು ನಿಮಗೆ ಗೊತ್ತು. ಅಷ್ಟು ದಿನ ಏಕೆ, ಒಂದು ರಾತ್ರಿ ಸಾಲದೆ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ನೀರಿನಲ್ಲಿ ಆಮ್ಲಜನಕದ ವಿಸರಣೆ ಗಾಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ, ಆದ್ದರಿಂದ ಮುಳುಗಿದ ಕಾಂಡಕ್ಕೆ ಹೊರಗಿನ ಜಮಾ ನಿಂತಂತೆಯೇ. ಆದರೆ ಸುರಂಗದಲ್ಲೂ ಮರದಲ್ಲೂ ಸಿಕ್ಕಿಬಿದ್ದ ಗಾಳಿ ಆರಂಭದ ಶಿಲ್ಕಾಗಿ ಉಳಿದಿರುತ್ತದೆ, ಕದ ಮುಚ್ಚಿ ಕುಳಿತ ಹುಳು ಅದನ್ನು ಜಿಪುಣನಂತೆ ಖರ್ಚು ಮಾಡುತ್ತದೆ. ಒಂದು ರಾತ್ರಿ ನೆನೆಸಿ ಸೌದೆಮನೆಗೆ ಒಟ್ಟಿದರೆ ಹಾರುವ ಕಾಲಕ್ಕೆ ದುಂಬಿಗಳು ಅಲ್ಲಿಂದಲೇ ತೋಟಕ್ಕೆ ವಾಪಸು. ಕಾಂಡ ತೇಲಿದರೆ ಮೇಲಿನ ಭಾಗಕ್ಕೆ ಗಾಳಿ ಸಿಗುತ್ತಲೇ ಇರುತ್ತದೆ. ಆದ್ದರಿಂದ ಕೆರೆಗೋ ತೊಟ್ಟಿಗೋ ಹಾಕಿದ ಮೇಲೆ ದಪ್ಪ ಕಲ್ಲು ಹೇರಿ, ಹತ್ತು ದಿನವೂ ಪೂರ್ತಿ ಮುಳುಗಿರುವಂತೆ ನೋಡಿಕೊಳ್ಳಿ.